ನಲ್ಲಿ ಒಂದು ಕಡೆ, ಗಿಡ ಇನ್ನೊಂದು ಕಡೆ: ಹೋಸ್ ಪೈಪು ಆರಿಸುವುದು, ಸುತ್ತಿಡುವುದು

ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯಲ್ಲಿ ನಲ್ಲಿ ಎಲ್ಲಿರುತ್ತದೆ ಎಂದು ನೋಡದೆಯೇ ಹೇಳಬಹುದು. ಮುಂದೆ ಸಂಪಿನ ಪಕ್ಕ ಒಂದು, ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು. ಗಿಡಗಳಿರುವುದು ಮಾತ್ರ ತಾರಸಿಯ ಆ ತುದಿಯಲ್ಲಿ, ಇಲ್ಲವೇ ಮೂರಡಿ ಸಂದಿಯಲ್ಲಿ ನುಸುಳಿ ಹೋಗಬೇಕಾದ ಹಿತ್ತಲಿನಲ್ಲಿ. ಆಗ ಬಹಳ ಜನ ಮಾಡುವುದು ಒಂದೇ: ಹಾರ್ಡ್‌ವೇರ್ ಅಂಗಡಿಗೆ ಹೋಗಿ 30 ಮೀಟರಿನ ಒಂದು ಸುರುಳಿ ತರುವುದು. ತಂದ ಮೇಲೆ ನೋಡಿದರೆ ತುದಿಯಲ್ಲಿ ನೀರು ಬೆರಳು ಗಾತ್ರವೂ ಬರುವುದಿಲ್ಲ, ಪ್ರತಿ ತಿರುವಿನಲ್ಲೂ ಪೈಪು ಮಡಚಿಕೊಳ್ಳುತ್ತದೆ, ಸುತ್ತಿಡಲು ಬೇಸರವಾಗಿ ಬಿಸಿಲಿನಲ್ಲೇ ಬಿದ್ದಿರುತ್ತದೆ, ಎರಡನೆಯ ಬೇಸಿಗೆಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗಿಡ ದೂರವಿದೆ ಎಂದು ಹೋಸನ್ನು ಉದ್ದ ಮಾಡಬೇಡಿ. ನಲ್ಲಿಯನ್ನು ಗಿಡದ ಹತ್ತಿರಕ್ಕೆ ತನ್ನಿ. ಗೋಡೆಗೆ ಕ್ಲಾಂಪ್ ಹೊಡೆದ ಗಟ್ಟಿ ಪೈಪು ದೂರವನ್ನು ಸಾಗಲಿ, ಮೆತ್ತನೆಯ ಹೋಸು ಕೊನೆಯ ಏಳೆಂಟು ಮೀಟರಿಗೆ ಮಾತ್ರ ಇರಲಿ. ಇದು ಎಲ್ಲರ ಮನೆಯಲ್ಲೂ ಆಗುವುದಿಲ್ಲ, ಬಾಡಿಗೆ ಮನೆಯಲ್ಲಂತೂ ಕಷ್ಟ. ಆದರೆ ಆಗುವ ಕಡೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಅಂಗಡಿಗೆ ಹೋಗುವ ಮುಂಚೆ ಮೂರು ಅಳತೆ

ಮೊದಲನೆಯದು ನೀರಿನ ಎತ್ತರ. ಓವರ್‌ಹೆಡ್ ಟ್ಯಾಂಕಿನಿಂದ ಬರುವ ನೀರಿಗೆ ಒತ್ತಡ ಕೊಡುವುದು ಟ್ಯಾಂಕಿನ ನೀರಿನ ಮಟ್ಟಕ್ಕೂ ಹೋಸಿನ ತುದಿಗೂ ಇರುವ ಎತ್ತರದ ಅಂತರ ಮಾತ್ರ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ, ಪ್ಲಂಬರ್‌ಗಳ ಬಾಯಲ್ಲಿ ಅದು 'ಒಂದು ಕೆ.ಜಿ. ಪ್ರೆಷರ್'. ಎರಡು ಅಂತಸ್ತಿನ ಮನೆಯ ಕೆಳಗಿನ ನಲ್ಲಿಗೆ ಸುಮಾರು ಅಷ್ಟು ಸಿಗುತ್ತದೆ. ಅದೇ ತಾರಸಿಯ ಮೇಲಿನ ನಲ್ಲಿಗೆ? ಮೆಟ್ಟಿಲ ಕೋಣೆಯ ನೆತ್ತಿಯ ಮೇಲೆ ಟ್ಯಾಂಕ್ ಇದ್ದರೆ ಎರಡೂವರೆ-ಮೂರು ಮೀಟರ್, ಬರೀ ಇಟ್ಟಿಗೆ ಕಟ್ಟೆಯ ಮೇಲೆ ಇದ್ದರೆ ಒಂದು-ಒಂದೂವರೆ ಮೀಟರ್. ಅಂದರೆ ಕೆಳಗಿನ ನಲ್ಲಿಯ ಕಾಲು ಭಾಗ, ಕೆಲವೊಮ್ಮೆ ಏಳರಲ್ಲೊಂದು ಭಾಗ. ಇನ್ನೂ ಒಂದು ವಿಷಯವಿದೆ. ಸಾವಿರ ಲೀಟರಿನ ಟ್ಯಾಂಕು ತುಂಬಿದಾಗಿನ ಮಟ್ಟಕ್ಕೂ ತಳ ಕಾಣುವಾಗಿನ ಮಟ್ಟಕ್ಕೂ ಒಂದು ಮೀಟರ್ ವ್ಯತ್ಯಾಸ. ಕೆಳಗಿನ ನಲ್ಲಿಗೆ ಅದು ಗೊತ್ತಾಗುವುದೇ ಇಲ್ಲ. ತಾರಸಿಯ ಹೋಸಿಗೆ ಮಾತ್ರ ಅದು ಅರ್ಧ ಜೀವ. ಬೆಳಗ್ಗೆ ಚೆನ್ನಾಗಿ ಬಂದ ನೀರು ಎಲ್ಲರ ಸ್ನಾನವಾದ ಮೇಲೆ ಸೊರಗುವುದು ಇದಕ್ಕೇ. ಟ್ಯಾಂಕಿನ ತಳದಿಂದ ತಾರಸಿಯ ನೆಲದವರೆಗೆ ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಿ.

ಎರಡನೆಯದು ನಲ್ಲಿಯ ಹರಿವು. ಹೋಸು ಹಾಕದೆ, ನಲ್ಲಿ ಪೂರ್ತಿ ತಿರುಗಿಸಿ, 10 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ಎಣಿಸಿ. ಮೂವತ್ತು ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 20 ಲೀಟರ್. ಒಂದು ನಿಮಿಷ ದಾಟಿದರೆ ತೊಂದರೆ ಹೋಸಿನದಲ್ಲ, ನಲ್ಲಿಯದೋ ಅದರ ಹಿಂದಿನ ಲೈನಿನದೋ. ನಲ್ಲಿ ಬಿಚ್ಚಿ ನೋಡಿದರೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡಿರುತ್ತದೆ, ಇಲ್ಲವೇ ಒಳಗಿನ ವಾಷರ್ ಊದಿಕೊಂಡಿರುತ್ತದೆ. ಅದನ್ನು ಸರಿಮಾಡದೆ ಎಂಥ ಹೋಸು ತಂದರೂ ಪ್ರಯೋಜನವಿಲ್ಲ.

ಮೂರನೆಯದು ದಾರಿ. ನೇರ ದೂರವನ್ನು ಕಣ್ಣಳತೆಯಲ್ಲಿ ನೋಡಬೇಡಿ. ನಲ್ಲಿಯಿಂದ ಅತಿ ದೂರದ ಕುಂಡದವರೆಗೆ, ಪೈಪು ನಿಜವಾಗಿ ಹೋಗುವ ದಾರಿಯಲ್ಲೇ, ಗೋಡೆಯಂಚು ಹಿಡಿದು ಒಂದು ಹಗ್ಗ ಹಾಸಿ ಅಳೆಯಿರಿ. ಅದಕ್ಕೆ ಎರಡು ಮೀಟರ್ ಸೇರಿಸಿ: ನಲ್ಲಿಯಿಂದ ನೆಲಕ್ಕೆ ಇಳಿಯಲು ಒಂದು, ಕೈಯಲ್ಲಿ ಹಿಡಿದು ಆಡಿಸಲು ಒಂದು. ಹಗ್ಗ ಎಷ್ಟು ಕಡೆ ತಿರುಗುತ್ತದೆ, ಎಲ್ಲಿ ಮೇಲೆ ಹತ್ತಿ ಮತ್ತೆ ಇಳಿಯುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಸಂದಿಯಲ್ಲಿ ಡ್ರೈನ್ ಪೈಪು, ಚೇಂಬರ್ ಮುಚ್ಚಳ ಎಲ್ಲ ಇರುತ್ತವೆ. ಹೋಸು ಸಿಕ್ಕಿಕೊಳ್ಳುವುದು ಅಲ್ಲೇ.

ದಪ್ಪ ಎಷ್ಟಿರಬೇಕು

ಹೋಸಿನ ಅಳತೆ ಎಂದರೆ ಒಳ ವ್ಯಾಸ. ಅರ್ಧ ಇಂಚು, ಮುಕ್ಕಾಲು ಇಂಚು, ಒಂದು ಇಂಚು ಎಂದು ಸಿಗುತ್ತವೆ. ಅರ್ಧಕ್ಕೂ ಮುಕ್ಕಾಲಿಗೂ ವ್ಯತ್ಯಾಸ ಕಾಲೇ ಇಂಚು ಎಂದು ಅನಿಸಬಹುದು. ನೀರಿನ ಲೆಕ್ಕದಲ್ಲಿ ಅದು ಹಾಗಿಲ್ಲ. ಎರಡು ಮೀಟರ್ ಎತ್ತರದ ಒತ್ತಡ, 20 ಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಅರ್ಧ ಇಂಚಿನ ಹೋಸಿನಲ್ಲಿ ನಿಮಿಷಕ್ಕೆ ಸುಮಾರು 7 ಲೀಟರ್ ಹೊರಬೀಳುತ್ತದೆ. ಮುಕ್ಕಾಲು ಇಂಚಿನಲ್ಲಿ ಸುಮಾರು 20. ಇದು ಪೈಪಿನೊಳಗಿನ ಉಜ್ಜಾಟವನ್ನಷ್ಟೇ ಹಿಡಿದ ಲೆಕ್ಕ. ನಲ್ಲಿ, ಕನೆಕ್ಟರ್, ತಿರುವು ಎಲ್ಲ ಸೇರಿದರೆ ಇನ್ನೂ ಇಳಿಯುತ್ತದೆ. ಟ್ಯಾಂಕು ಕೆಳಗಿಳಿದು ಒತ್ತಡ ಒಂದು ಮೀಟರಿಗೆ ಬಂದಾಗ ಅರ್ಧ ಇಂಚಿನದು 5 ಲೀಟರಿಗಿಂತ ಕೆಳಗೆ ಬೀಳುತ್ತದೆ.

ಹಾಗಂತ ಅರ್ಧ ಇಂಚು ಕೆಲಸಕ್ಕೆ ಬಾರದು ಎಂದಲ್ಲ. ಹನ್ನೆರಡು ಇಂಚಿನ ಕುಂಡಕ್ಕೆ ಬೇಸಿಗೆಯಲ್ಲಿ ಒಂದರಿಂದ ಎರಡು ಲೀಟರ್ ಸಾಕು. ನಿಮಿಷಕ್ಕೆ 7 ಲೀಟರ್ ಬಂದರೆ ಒಂದು ಕುಂಡಕ್ಕೆ ಹದಿಮೂರು-ಹದಿನೈದು ಸೆಕೆಂಡ್. ಮಣ್ಣು ನೀರು ಹೀರುವ ವೇಗಕ್ಕೆ ಅದು ಸರಿಯಾಗಿಯೇ ಇದೆ. ಬರೀ ಕುಂಡಗಳು, ಹತ್ತು ಮೀಟರಿನೊಳಗಿನ ದೂರ ಎಂದರೆ ಅರ್ಧ ಇಂಚೇ ಒಳ್ಳೆಯದು, ಹಗುರ ಕೂಡ. ಹದಿನೈದು ಮೀಟರ್ ದಾಟಿದರೆ, ಡ್ರಮ್ಮು ತುಂಬಿಸಬೇಕಿದ್ದರೆ, ಬಾಳೆ-ತೆಂಗಿನ ಪಾತಿಗೆ ಬಿಡಬೇಕಿದ್ದರೆ ಮುಕ್ಕಾಲು ಇಂಚು ತನ್ನಿ. ಒಂದು ಇಂಚಿನದನ್ನು ಮನೆ ತೋಟಕ್ಕೆ ಹೋಸಾಗಿ ತರಲೇಬೇಡಿ. ಕಾರಣ ತೂಕ. ಮೂವತ್ತು ಮೀಟರ್ ಒಂದು ಇಂಚಿನ ಹೋಸಿನೊಳಗೆ ನಿಲ್ಲುವ ನೀರೇ 15 ಲೀಟರ್. ಮುಕ್ಕಾಲು ಇಂಚಿನದರಲ್ಲಿ ಎಂಟೂವರೆ ಲೀಟರ್, ಪೈಪಿನ ತೂಕ ಆರು ಕೆ.ಜಿ. ಚಿಲ್ಲರೆ, ಎಳೆಯುವಾಗ ಕೈಗೆ ಬರುವುದು ಹದಿನೈದು ಕೆ.ಜಿ. ಅರ್ಧ ಇಂಚಿನದಾದರೆ ಎರಡೂ ಸೇರಿ ಎಂಟು. ಮನೆಯಲ್ಲಿ ನೀರು ಹಾಕುವವರು ಯಾರು ಎಂಬುದನ್ನು ನೋಡಿ ನಿರ್ಧರಿಸಿ. ಅರವತ್ತೈದರ ಅಮ್ಮ ದಿನಾ ಹಾಕುವುದಾದರೆ 30 ಮೀಟರ್ ಮುಕ್ಕಾಲು ಇಂಚು ಸರಿಯಾದ ಆಯ್ಕೆಯಲ್ಲ.

ಗಟ್ಟಿ ಪೈಪಿನ ಮಾತು ಬರುವುದು ಇಲ್ಲೇ. 27 ಮೀಟರ್ ದೂರ ಇದೆ ಎಂದುಕೊಳ್ಳಿ, ಒತ್ತಡ ಅದೇ ಎರಡು ಮೀಟರ್. ಪೂರ್ತಿ ಮುಕ್ಕಾಲು ಇಂಚಿನ ಹೋಸು ಹಾಸಿದರೆ ಲೆಕ್ಕಕ್ಕೆ ಸಿಗುವುದು ನಿಮಿಷಕ್ಕೆ ಸುಮಾರು 17 ಲೀಟರ್. ಮೊದಲ 20 ಮೀಟರಿಗೆ ಒಂದು ಇಂಚಿನ ಗಟ್ಟಿ ಪೈಪು, ಕೊನೆಯ 7 ಮೀಟರಿಗೆ ಮಾತ್ರ ಮುಕ್ಕಾಲು ಇಂಚಿನ ಹೋಸು ಹಾಕಿದರೆ ಸುಮಾರು 26. ನೀರೂ ಹೆಚ್ಚು, ಎಳೆಯುವ ತೂಕವೂ ನಾಲ್ಕು ಕೆ.ಜಿ.ಗೆ ಇಳಿಯಿತು, ಸುತ್ತಿಡುವ ಕೆಲಸ ಎರಡು ನಿಮಿಷದ್ದಾಯಿತು.

ಗಟ್ಟಿ ಪೈಪಿಗೆ ತಾರಸಿಯ ಮೇಲೆ ಕಪ್ಪು ಎಚ್‌.ಡಿ.ಪಿ.ಇ. (ಗಟ್ಟಿ ಪಾಲಿಥೀನ್) ಪೈಪು ಒಳ್ಳೆಯದು. ಅದರೊಳಗಿನ ಕಾರ್ಬನ್ ಕಪ್ಪು ಬಿಸಿಲನ್ನು ತಡೆಯುತ್ತದೆ, ಬಾಗುತ್ತದೆ, ಡ್ರಿಪ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಎಚ್‌.ಡಿ.ಪಿ.ಇ.ಗೆ ಹೇಳುವ ಅಳತೆ ಹೊರ ವ್ಯಾಸ ಎಂಬುದು ನೆನಪಿರಲಿ. ಒಂದು ಇಂಚಿನ ಒಳರಂಧ್ರ ಬೇಕೆಂದರೆ 32 ಮಿ.ಮೀ. ಕೇಳಬೇಕು. ಬಿಳಿ ಯು.ಪಿ.ವಿ.ಸಿ. (ಗಟ್ಟಿ ಪಿ.ವಿ.ಸಿ.) ಪೈಪು ಹಾಕಿದರೆ ಅದಕ್ಕೆ ಗೋಡೆಗೆ ಬಳಿಯುವ ಬಿಳಿ ಎಮಲ್ಷನ್ ಬಣ್ಣ ಎರಡು ಕೈ ಬಳಿಯಿರಿ, ಇಲ್ಲದಿದ್ದರೆ ಬಿಸಿಲಿಗೆ ಪೆಡಸಾಗಿ ಒಂದು ದಿನ ಕಾಲು ತಗುಲಿದಾಗ ಒಡೆಯುತ್ತದೆ. ನೀರನ್ನು ಟ್ಯಾಂಕಿನ ಔಟ್‌ಲೆಟ್ ಲೈನಿಗೆ ಟೀ (ಮೂರು ಬಾಯಿಯ ಪೈಪು ಜೋಡಣೆ) ಹಾಕಿ ತೆಗೆಯಬೇಕು, ಟೀ ಆದ ಕೂಡಲೇ ಒಂದು ಬಾಲ್ ವಾಲ್ವ್ (ಹಿಡಿಕೆ ಕಾಲು ಸುತ್ತು ತಿರುಗಿಸಿದರೆ ಪೂರ್ತಿ ತೆರೆಯುವ ವಾಲ್ವ್). ತಾರಸಿಯಲ್ಲಿ ಸೋಲಾರ್ ಇರುವ ಮನೆಗಳಲ್ಲಿ ಪೈಪುಗಳು ಒಂದರ ಪಕ್ಕ ಒಂದು ಹೋಗುತ್ತವೆ. ಸೋಲಾರಿನಿಂದ ಇಳಿಯುವ ಬಿಸಿನೀರಿನ ಲೈನಿಗೆ ಟೀ ಹಾಕಿದರೆ ಗಿಡ ಬೆಂದು ಹೋಗುತ್ತದೆ. ಕೈ ಮುಟ್ಟಿ ನೋಡಿಯೇ ಕತ್ತರಿಸಿ. ಗಿಡಗಳಿರುವ ತುದಿಯಲ್ಲಿ ಹೊಸ ನಲ್ಲಿಯನ್ನು ನೆಲದಿಂದ ಎರಡು-ಎರಡೂವರೆ ಅಡಿ ಎತ್ತರದಲ್ಲಿ, ಬಾಯಿ ಕೆಳಮುಖವಾಗಿ ಕೂರಿಸಿ. ಅಡ್ಡಕ್ಕೆ ಚಾಚಿದ ನಲ್ಲಿಗೆ ಹೋಸು ಹಾಕಿದರೆ ತನ್ನ ಭಾರಕ್ಕೇ ಬುಡದಲ್ಲಿ ಮಡಚಿಕೊಳ್ಳುತ್ತದೆ. ಬಿರುಕು ಬೀಳುವುದೂ ಮೊದಲು ಅಲ್ಲೇ.

ಯಾವ ಜಾತಿಯ ಹೋಸು

ಒಂದೇ ಪದರದ ತೆಳ್ಳನೆಯ ಪಿ.ವಿ.ಸಿ. ಪೈಪು ಅಂಗಡಿಯಲ್ಲಿ ಎದುರಿಗೇ ನೇತಾಡುತ್ತಿರುತ್ತದೆ, ಅಗ್ಗ. ತಿರುವಿರುವ ದಾರಿಗೆ ಬೇಡ. ನಡುವೆ ನೂಲಿನ ಬಲೆ ನೇಯ್ದ ಮೂರು ಪದರದ ಬ್ರೇಡೆಡ್ ಪೈಪು ಕೇಳಿ. ಪರೀಕ್ಷೆ ಸುಲಭ: ಎರಡಡಿ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನ ಬಗ್ಗಿಸುತ್ತಾ ಬನ್ನಿ. ಅರ್ಧ ಇಂಚಿನದು ಒಂದು ಅಂಗೈ ಅಗಲದ ವೃತ್ತಕ್ಕೆ ಬಂದರೂ ಮಡಚದೆ ದುಂಡಗೇ ಇದ್ದರೆ ತನ್ನಿ. ಕತ್ತರಿಸಿದ ತುದಿಯನ್ನು ನೋಡಿ, ಗೋಡೆ ಸುತ್ತಲೂ ಒಂದೇ ದಪ್ಪ ಇರಬೇಕು. ಒಂದು ಕಡೆ ತೆಳುವಾಗಿದ್ದರೆ ಊದಿಕೊಳ್ಳುವುದು ಆ ಕಡೆಯೇ. ಅರ್ಧ ಇಂಚಿಗೆ ಎರಡು ಮಿ.ಮೀ.ಗಿಂತ ಕಡಿಮೆ ಗೋಡೆ ಇದ್ದರೆ ಬಿಟ್ಟುಬಿಡಿ. ಬಣ್ಣ ಬೆಳಕು ಹಾಯದಂಥದ್ದಿರಲಿ. ಪಾರದರ್ಶಕ ಪೈಪಿನಲ್ಲಿ ಬಿಸಿಲು ಒಳಹೊಕ್ಕು ಪಾಚಿ ಕಟ್ಟುತ್ತದೆ, ಅದು ಚೂರು ಚೂರಾಗಿ ಕಿತ್ತು ಬಂದು ಜರಡಿ ಬಾಯಿಯನ್ನು ಮುಚ್ಚುತ್ತದೆ.

ಕಪ್ಪು ರಬ್ಬರ್ ಹೋಸು ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಮಡಚುವುದೂ ಕಡಿಮೆ. ಭಾರ ಮಾತ್ರ ಬಹಳ. ಏಳು ಮೀಟರಿನ ತುಂಡಾದರೆ ಧಾರಾಳವಾಗಿ ತರಬಹುದು.

ಹಿಗ್ಗುವ ಹೋಸಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜಾಗ ಕಡಿಮೆ ಇರುವವರೆಲ್ಲ ಮೊದಲು ಆಸೆಪಡುವುದು ಅದಕ್ಕೇ. ಬಟ್ಟೆಯ ಚೀಲದೊಳಗೆ ಲ್ಯಾಟೆಕ್ಸ್ ಕೊಳವೆ ಇರುತ್ತದೆ. ನೀರಿನ ಒತ್ತಡಕ್ಕೆ ಅದು ಹಿಗ್ಗಿ ಮೂರು ಪಟ್ಟು ಉದ್ದವಾಗುತ್ತದೆ, ನೀರು ನಿಂತಾಗ ಕುಗ್ಗುತ್ತದೆ. ಸುತ್ತಿಡುವ ಕಷ್ಟವೇ ಇಲ್ಲ, ನಿಜ. ಆದರೆ ಹಿಗ್ಗಲು ಎರಡು-ಮೂರು ಕೆ.ಜಿ. ಪ್ರೆಷರ್ ಬೇಕು. ತಾರಸಿಯ ಕಾಲು ಕೆ.ಜಿ.ಗೆ ಅದು ಮಿಸುಕುವುದಿಲ್ಲ. ಪ್ರೆಷರ್ ಪಂಪ್ ಇರುವ ಮನೆಯಲ್ಲಿ ಕೆಲಸ ಮಾಡುತ್ತದೆ. ಅಲ್ಲೂ ನಲ್ಲಿ ತೆರೆದಿಟ್ಟು ತುದಿ ಮಾತ್ರ ಮುಚ್ಚಿ ಬಿಸಿಲಿನಲ್ಲಿ ಬಿಟ್ಟರೆ ಒಳಗಿನ ಲ್ಯಾಟೆಕ್ಸ್ ಸಿಡಿಯುತ್ತದೆ, ಅದನ್ನು ರಿಪೇರಿ ಮಾಡಲು ಬರುವುದಿಲ್ಲ. ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಹೋಸಿನ ಒಳರಂಧ್ರ ತೀರಾ ಸಣ್ಣದು, ಅದೂ ಪಂಪಿನ ನೀರಿಗೇ ಸರಿ. ಟ್ಯಾಂಕರಿನವರು ಬಳಸುವ ಚಪ್ಪಟೆ ನೀಲಿ ಪೈಪು ಸುತ್ತಿಡಲು ಚೆಂದ, ಆದರೆ ಒತ್ತಡವಿಲ್ಲದಿದ್ದರೆ ಬಾಯಿ ಬಿಡುವುದಿಲ್ಲ, ತಿರುವಿನಲ್ಲಿ ಪೂರಾ ಮುಚ್ಚಿಕೊಳ್ಳುತ್ತದೆ.

ನೀರನ್ನು ಕದಿಯುವ ಸಣ್ಣ ಸಾಮಾನು

ಹೋಸು ಮುಕ್ಕಾಲು ಇಂಚಿನದು ತಂದು, ನಲ್ಲಿಗೆ ಪ್ಲಾಸ್ಟಿಕ್ಕಿನ ಒತ್ತು ಕನೆಕ್ಟರ್ (ಒತ್ತಿ ಸಿಕ್ಕಿಸುವ ಜೋಡಣೆ) ಹಾಕಿ, ನೀರು ಬರುತ್ತಿಲ್ಲ ಎನ್ನುವವರಿದ್ದಾರೆ. ಆ ಕನೆಕ್ಟರಿನೊಳಗೆ ಬೆಳಕು ಹಿಡಿದು ನೋಡಿ. ಒಳರಂಧ್ರ ಹತ್ತು ಮಿ.ಮೀ. ಇದ್ದರೆ ಹೆಚ್ಚು. ನಿಮಿಷಕ್ಕೆ 20 ಲೀಟರ್ ಆ ತೂತಿನಲ್ಲಿ ಹೋಗಬೇಕಾದರೆ ನೀರು ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಜೋರಾಗಿ ಓಡಬೇಕು, ಆ ಓಟಕ್ಕೇ ಸುಮಾರು 90 ಸೆಂ.ಮೀ. ಎತ್ತರದ ಒತ್ತಡ ಖರ್ಚು. ಕೈಯಲ್ಲಿರುವುದೇ ಎರಡು ಮೀಟರ್! ಕೆಳಗಿನ ನಲ್ಲಿಗೆ, ಪಂಪಿನ ಲೈನಿಗೆ ಒತ್ತು ಕನೆಕ್ಟರ್ ಹಾಕಿ, ಅಭ್ಯಂತರವಿಲ್ಲ. ತಾರಸಿಯ ನಲ್ಲಿಗೆ ಮುಕ್ಕಾಲು ಇಂಚಿನ ಹಿತ್ತಾಳೆ ನಿಪ್ಪಲ್ (ಹೋಸು ತೊಡಿಸುವ ಗಿಡ್ಡ ಕೊಳವೆ), ಅದರ ಮೇಲೆ ಹೋಸು, ಮೇಲೊಂದು ಸ್ಟೀಲ್ ಕ್ಲಿಪ್ ಇಷ್ಟೇ ಸಾಕು. ನಲ್ಲಿಯೂ ಬಾಲ್ ವಾಲ್ವಿನದ್ದಾಗಿರಲಿ. ತಿರುಗಿಸುತ್ತಾ ಹೋಗುವ ಹಳೆ ಮಾದರಿಯ ನಲ್ಲಿಯೊಳಗೆ ನೀರು ಎರಡು ಬಾರಿ ಬಾಗಿ ಹೋಗಬೇಕಾಗುತ್ತದೆ.

ಜೋಡಿಸುವ ಕ್ರಮ ಹೀಗೆ. ನಿಪ್ಪಲ್ಲಿನ ಮರೆಗೆ (ತಿರುಪಿನ ಗೆರೆಗಳಿಗೆ) ಟೆಫ್ಲಾನ್ ಟೇಪನ್ನು ಮರೆ ಬಿಗಿಯಾಗುವ ದಿಕ್ಕಿನಲ್ಲೇ ಏಳೆಂಟು ಸುತ್ತು ಸುತ್ತಿ. ಹಿಂದುಮುಂದಾಗಿ ಸುತ್ತಿದರೆ ಬಿಗಿಯುವಾಗ ಟೇಪು ಕಿತ್ತು ಬರುತ್ತದೆ. ಹೋಸಿನ ತುದಿಯನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿ. ಕುದಿಯುವ ನೀರು ಬೇಡ, ಕೈಗೆ ಸುಡುವಷ್ಟಿದ್ದರೆ ಸಾಕು. ಮೆತ್ತಗಾದ ತುದಿಗೆ ಮೊದಲು ಕ್ಲಿಪ್ ತೂರಿಸಿ, ಆಮೇಲೆ ನಿಪ್ಪಲ್ಲಿನ ಬುಡದವರೆಗೂ ಒತ್ತಿ, ಕ್ಲಿಪ್ಪನ್ನು ತುದಿಯಿಂದ ಅರ್ಧ ಇಂಚು ಒಳಗೆ ಬಿಗಿಯಿರಿ. ಕ್ಲಿಪ್ಪಿನ ಅಳತೆ ಹೋಸಿನ ಹೊರ ಸುತ್ತಿಗೆ ಎಂಬುದನ್ನು ಮರೆಯಬೇಡಿ: ಅರ್ಧ ಇಂಚಿನ ಹೋಸಿನ ಹೊರ ವ್ಯಾಸ 17-18 ಮಿ.ಮೀ., ಮುಕ್ಕಾಲಿನದು ಸುಮಾರು 24. ಪೈಪು ಕ್ಲಿಪ್ಪಿನ ಎರಡೂ ಬದಿಗೆ ಒಂಚೂರು ಉಬ್ಬಿದ ಕೂಡಲೇ ನಿಲ್ಲಿಸಿ. ಕಟ್ಟುತಂತಿ ಬಿಗಿದರೆ ಅದು ದಿನದಿನಕ್ಕೆ ಪೈಪಿನೊಳಗೆ ಇಳಿದು ಕತ್ತರಿಸುತ್ತದೆ. ಸೈಕಲ್ ಟ್ಯೂಬು ಕಟ್ಟುವುದು ಒಂದು ವಾರದ ಮಟ್ಟಿಗೆ ಸರಿ.

ತುದಿಗೆ ಸ್ಪ್ರೇ ಗನ್ ಬೇಡ. ಅದೂ ಒತ್ತಡ ಬೇಡುವ ವಸ್ತು. ಅದರ ಬದಲು ರೋಸ್ ಕ್ಯಾನಿನ ಜರಡಿ ಬಾಯಿ ಹಾಕಿ, ದೊಡ್ಡ ತೂತಿನದು. ಕೈ ಎಟುಕದ ಮೂಲೆಯ ಕುಂಡಗಳಿಗೆ ಒಂದು ಕೋಲು ಮಾಡಿಕೊಳ್ಳಿ: ಅರ್ಧ ಇಂಚಿನ ಯು.ಪಿ.ವಿ.ಸಿ. ಪೈಪು ಮೂರಡಿ, ಹಿಡಿಯುವ ಕಡೆ ಒಂದು ಬಾಲ್ ವಾಲ್ವ್ ಮತ್ತು ಹೋಸ್ ನಿಪ್ಪಲ್, ಇನ್ನೊಂದು ತುದಿಗೆ 45 ಡಿಗ್ರಿಯ ಬೆಂಡು, ಅದಕ್ಕೆ ಜರಡಿ. ಪ್ಯಾರಾಪೆಟ್ ಮತ್ತು ಕುಂಡದ ಸಾಲಿನ ನಡುವೆ ನುಗ್ಗುವ ಅಗತ್ಯವೇ ಬರುವುದಿಲ್ಲ, ಒಂದು ಕುಂಡದಿಂದ ಇನ್ನೊಂದಕ್ಕೆ ಹೋಗುವಾಗ ವಾಲ್ವ್ ಮುಚ್ಚಿದರೆ ಹನಿಯೂ ಪೋಲಾಗುವುದಿಲ್ಲ. ಬೋರ್‌ವೆಲ್ ನೀರಾದರೆ ಜರಡಿಗೆ ಬಿಳಿ ಸುಣ್ಣ ಕಟ್ಟುತ್ತದೆ. ತಿಂಗಳಿಗೊಮ್ಮೆ ವಿನೆಗರ್ ಅಥವಾ ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸಿ ಉಜ್ಜಿ.

ಹೋಸಿನ ತುದಿಯನ್ನು ಡ್ರಮ್ಮಿನೊಳಗೆ ಮುಳುಗಿಸಿ ಬಿಟ್ಟು ಹೋಗುವುದು ಅಪಾಯ. ಮೇಲೆ ಟ್ಯಾಂಕು ಖಾಲಿಯಾಗಿ ಕೆಳಮನೆಯ ಬಚ್ಚಲಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೆ, ಹೋಸು ಸೈಫನ್ನಾಗಿ ಡ್ರಮ್ಮಿನ ಜೀವಾಮೃತವನ್ನೋ ಬೇವಿನ ಹಿಂಡಿಯ ನೀರನ್ನೋ ಮನೆಯ ಲೈನಿಗೆ ಎಳೆದುಕೊಳ್ಳುತ್ತದೆ. ತುದಿ ಯಾವಾಗಲೂ ಡ್ರಮ್ಮಿನ ಅಂಚಿಗಿಂತ ಎರಡು ಇಂಚು ಮೇಲೆ ಇರುವಂತೆ ಕಟ್ಟಿ. ತೋಟದ ಲೈನಿಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಇನ್ನೂ ನೆಮ್ಮದಿ. ಅದು ಕಡಿಮೆ ಒತ್ತಡಕ್ಕೆ ತೆರೆಯುವ ಫ್ಲ್ಯಾಪ್ ಮಾದರಿಯದಿರಲಿ, ಸ್ಪ್ರಿಂಗಿನದು ಬೇಡ.

ಡ್ರಮ್ಮಿನ ಮಾತು ಬಂತು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಆಗಿನಿಂದ ಮಳೆನೀರು, ಅಕ್ಕಿ ತೊಳೆದ ನೀರು, ವಾಷಿಂಗ್ ಮೆಷಿನ್ನಿನ ಕೊನೆಯ ಜಾಲಾಡಿದ ನೀರನ್ನು ತಾರಸಿಯ 200 ಲೀಟರ್ ಡ್ರಮ್ಮಿನಲ್ಲಿ ಕೂಡಿಟ್ಟು ಬಳಸುವವರು ಹೆಚ್ಚಿದ್ದಾರೆ. ಡ್ರಮ್ಮಿಗೆ ಹೋಸು ಹಾಕುವುದಾದರೆ ಕಾಂಕ್ರೀಟ್ ಬ್ಲಾಕಿನ ಮೇಲೆ ಎತ್ತರಿಸಿ, ಬುಡದಲ್ಲಿ ಮುಕ್ಕಾಲು ಇಂಚಿನ ನಲ್ಲಿ ಕೂರಿಸಿ. ತುಂಬಿದ ಡ್ರಮ್ಮು 200 ಕೆ.ಜಿ. ಮೀರುತ್ತದೆ, ಆದ್ದರಿಂದ ಕೆಳಗೆ ಗೋಡೆ ಅಥವಾ ಬೀಮ್ ಇರುವ ಜಾಗದಲ್ಲೇ ಇಡಿ. ಅರವತ್ತು ಸೆಂ.ಮೀ. ಒತ್ತಡಕ್ಕೆ ಹತ್ತು ಮೀಟರ್ ಅರ್ಧ ಇಂಚಿನಲ್ಲಿ ನಿಮಿಷಕ್ಕೆ ಐದು ಲೀಟರ್ ಬರುತ್ತದೆ, ಕುಂಡಕ್ಕೆ ಸಾಲುತ್ತದೆ. ಆರ್.ಓ. ಯಂತ್ರ ಬಿಡುವ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ಅದನ್ನೊಂದನ್ನೇ ಹಾಕದೆ ಬೇರೆ ನೀರಿನ ಜೊತೆ ಬೆರೆಸಿ.

ತಿರುವು, ಇಳಿಜಾರು, ಗಾಳಿ

ಸಂದಿಯ ಮೂಲೆಯಲ್ಲಿ ಹೋಸು ಗೋಡೆಯಂಚಿಗೆ ಉಜ್ಜಿ ಸವೆಯುತ್ತದೆ. ಅಲ್ಲಿ ನೆಲಕ್ಕೆ ಎರಡಡಿ ಕಬ್ಬಿಣದ ಸರಳು ಹುಗಿದು, ಅದರ ಮೇಲೆ ಒಂದು ಇಂಚಿನ ಪಿ.ವಿ.ಸಿ. ಪೈಪಿನ ತುಂಡನ್ನು ಸಡಿಲವಾಗಿ ಇಳಿಬಿಟ್ಟರೆ ಅದೇ ಗಾಲಿ. ಎಳೆದಾಗ ಪೈಪಿನ ತುಂಡು ತಿರುಗುತ್ತದೆ, ಹೋಸು ಜಾರುತ್ತದೆ. ನೆಲಕ್ಕೆ ಕಲ್ಲು ಹಾಸಿದ್ದರೆ ಗೋಡೆಗೆ ಎಲ್ ಆಕಾರದ ಕ್ಲಾಂಪ್ ಹೊಡೆದು ಸರಳು ನಿಲ್ಲಿಸಿ.

ತಾರಸಿಯ ನಲ್ಲಿಯಿಂದ ಕೆಳಗಿನ ಹಿತ್ತಲಿಗೆ ಹೋಸು ಇಳಿಬಿಡುವುದಾದರೆ ಭಾರವೆಲ್ಲ ನಲ್ಲಿಯ ಮೇಲೆ ಬೀಳುತ್ತದೆ. ನೀರು ತುಂಬಿದ ಮುಕ್ಕಾಲು ಇಂಚಿನ ಹೋಸು ಒಂಬತ್ತು ಮೀಟರಿಗೆ ನಾಲ್ಕೂವರೆ ಕೆ.ಜಿ. ಪ್ಯಾರಾಪೆಟ್ಟಿನ ಅಂಚಿನಲ್ಲಿ ನಾಲ್ಕಿಂಚಿನ ಪಿ.ವಿ.ಸಿ. ಬೆಂಡನ್ನು ಉದ್ದಕ್ಕೆ ಸೀಳಿ ಕುದುರೆಯ ಜೀನಿನಂತೆ ಕೂರಿಸಿ, ಅದರ ಮೇಲೆ ಹೋಸು ಹಾಯಿಸಿ, ಅಗಲದ ಬಟ್ಟೆಪಟ್ಟಿಯಿಂದ ಎರಡು ಕಡೆ ಕಟ್ಟಿ. ಹಗ್ಗ ಬೇಡ. ತೆಳುವಾದ ಹೋಸಾದರೆ ಮೇಲೆ ನಲ್ಲಿ ಮುಚ್ಚಿದಾಗ ಕೆಳಗಿಳಿಯುವ ನೀರು ಅದನ್ನು ಒಳಕ್ಕೆ ಹೀರಿ ಚಪ್ಪಟೆ ಮಾಡುತ್ತದೆ, ಆದ್ದರಿಂದ ಇಲ್ಲಿ ಬ್ರೇಡೆಡ್ ಪೈಪೇ ಬೇಕು.

ಹೋಸು ಮೆಟ್ಟಿಲೋ ಕಟ್ಟೆಯೋ ಹತ್ತಿ ಇಳಿಯುವ ಜಾಗದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ನಲ್ಲಿ ತೆರೆದಿದ್ದರೂ ನೀರು ಬರುವುದಿಲ್ಲ, ಬುಡುಬುಡು ಎಂದು ನಿಲ್ಲುತ್ತದೆ. ತುದಿಯನ್ನು ನೆಲಕ್ಕೆ ಇಳಿಸಿ, ಜರಡಿ ತೆಗೆದು, ನಲ್ಲಿ ಪೂರ್ತಿ ಬಿಟ್ಟು ಒಂದು ನಿಮಿಷ ಹರಿಯಲು ಬಿಡಿ. ಮಲೆನಾಡಿನಲ್ಲಿ ಗುಡ್ಡದ ಅಬ್ಬಿ ನೀರನ್ನು ಪೈಪಿನಲ್ಲಿ ತರುವವರಿಗೆ ಇದು ಹೊಸದಲ್ಲ. ಅವರು ಉಬ್ಬಿದ ಜಾಗದಲ್ಲಿ ಪೈಪಿಗೆ ಸಣ್ಣ ಗಾಳಿತೂತು ಇಡುತ್ತಾರೆ.

ಸುತ್ತಿಡುವುದು

ಒಳ್ಳೆಯ ಹೋಸು ಹಾಳಾಗುವುದು ಬಳಸಿದ್ದರಿಂದಲ್ಲ, ಇಟ್ಟ ರೀತಿಯಿಂದ. ಪಿ.ವಿ.ಸಿ.ಯನ್ನು ಮೆತ್ತಗೆ ಇಡುವ ಎಣ್ಣೆಯಂಥ ಅಂಶ ಬಿಸಿಲಿನ ಶಾಖಕ್ಕೆ ನಿಧಾನ ಹೊರಟು ಹೋಗುತ್ತದೆ. ಪೈಪು ಪೆಡಸಾಗುತ್ತದೆ, ಅಂಟಂಟಾಗುತ್ತದೆ, ಆಮೇಲೆ ಬಿರಿಯುತ್ತದೆ. ಜೊತೆಗೆ ನೀರು ತುಂಬಿಸಿ ತುದಿ ಮುಚ್ಚಿ ಬಿಸಿಲಿಗೆ ಬಿಟ್ಟರೆ ಮೆದುವಾದ ಗೋಡೆ ಒತ್ತಡಕ್ಕೆ ಊದಿಕೊಳ್ಳುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ಮುಚ್ಚಬೇಕಾದದ್ದು ಬುಡದ ನಲ್ಲಿ, ತುದಿಯ ವಾಲ್ವ್ ಅಲ್ಲ.

ನೀರು ಇಳಿಸುವುದು ಹೀಗೆ: ನಲ್ಲಿ ಮುಚ್ಚಿ, ತುದಿ ತೆರೆದಿಟ್ಟು ಕೊನೆಯ ಕುಂಡದಲ್ಲೇ ಇಡಿ. ನಲ್ಲಿಯ ಕಡೆಯ ತುದಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಪೈಪಿನ ಕೆಳಗೆ ಕೈ ಕೊಟ್ಟು ಎತ್ತುತ್ತಾ ಆ ತುದಿಯವರೆಗೆ ನಡೆಯಿರಿ. ಒಳಗಿನ ನೀರು ಮುಂದೆ ಓಡಿ ಕುಂಡಕ್ಕೇ ಬೀಳುತ್ತದೆ. 30 ಮೀಟರಿನ ಮುಕ್ಕಾಲು ಇಂಚಿನದಾದರೆ ಎಂಟು ಲೀಟರ್ ಉಳಿತಾಯವಾಯಿತು, ಹೊರುವ ಭಾರವೂ ಅರ್ಧಕ್ಕಿಂತ ಕಡಿಮೆಯಾಯಿತು.

ಸುತ್ತುವಾಗ ಒಂದೇ ದಿಕ್ಕಿಗೆ ಸುತ್ತುತ್ತಾ ಹೋದರೆ ಪ್ರತಿ ಸುತ್ತಿಗೂ ಪೈಪು ಒಂದು ಬಾರಿ ತಿರುಚಿಕೊಳ್ಳುತ್ತದೆ. ಮಾರನೆಯ ದಿನ ಎಳೆದಾಗ ಆ ತಿರುಚೆಲ್ಲ ಮಡಿಕೆಯಾಗಿ ಹೊರಬರುತ್ತದೆ. ಎಡಗೈಯಲ್ಲಿ ಸುರುಳಿ ಹಿಡಿದು, ಬಲಗೈಯಿಂದ ಒಂದು ಸುತ್ತು ಮಾಮೂಲಿಯಾಗಿ ಇಡಿ. ಮುಂದಿನ ಸುತ್ತಿಗೆ ಹೆಬ್ಬೆರಳು ಕೆಳಗಾಗುವಂತೆ ಬಲ ಮಣಿಕಟ್ಟನ್ನು ಒಳಕ್ಕೆ ತಿರುಗಿಸಿ ಪೈಪು ಹಿಡಿದು, ಸುತ್ತನ್ನು ಮಗುಚಿ ಇಡಿ. ಒಂದು ನೇರ, ಒಂದು ಮಗುಚು, ಹೀಗೇ ಕೊನೆಯವರೆಗೆ. ಮೊದಲ ನಾಲ್ಕು ದಿನ ಕೈ ತಡವರಿಸುತ್ತದೆ, ಆಮೇಲೆ ತಾನಾಗಿ ಬರುತ್ತದೆ. ಭಾರದ ಹೋಸಾದರೆ ನೆಲದ ಮೇಲೆ ಇಂಗ್ಲಿಷಿನ ಎಂಟರ ಅಂಕಿಯಂತೆ ಹಾಕಿ ಮಧ್ಯೆ ಮಡಿಸಿದರೂ ಅದೇ ಫಲ. ಕೊನೆಯ ತುದಿಯನ್ನು ಸುರುಳಿಯೊಳಗೆ ತೂರಿಸಿ ಗಂಟು ಮಾತ್ರ ಹಾಕಬೇಡಿ, ಬಟ್ಟೆಪಟ್ಟಿಯಿಂದ ಎರಡು ಕಡೆ ಕಟ್ಟಿ.

ಮೊಳೆಗೆ ನೇತುಹಾಕಿದರೆ ಇಡೀ ಭಾರ ಒಂದು ಬಿಂದುವಿನ ಮೇಲೆ ನಿಂತು ಅಲ್ಲಿ ಶಾಶ್ವತ ಮಡಿಕೆ ಬೀಳುತ್ತದೆ. ಗುಜರಿಯಲ್ಲಿ ಹಳೆಯ ಸ್ಕೂಟರಿನ ಹತ್ತು ಇಂಚಿನ ಚಕ್ರದ ರಿಮ್ ಸಿಗುತ್ತದೆ. ಅದನ್ನು ಎರಡು ಆಂಕರ್ ಬೋಲ್ಟಿನಿಂದ ಗೋಡೆಗೆ, ಎದೆ ಎತ್ತರದಲ್ಲಿ ಹೊಡೆಯಿರಿ. ರಿಮ್ಮಿನ ಗುಳಿಯಲ್ಲಿ ಸುರುಳಿ ಜಾರದೆ ಕೂರುತ್ತದೆ, ಬಾಗೂ ದೊಡ್ಡದಾಗಿ ಇರುತ್ತದೆ. ಸುರುಳಿಯ ಸುತ್ತು ಎರಡಡಿ ಅಗಲ ಇಟ್ಟರೆ 30 ಮೀಟರಿಗೆ ಹದಿನಾರು-ಹದಿನೇಳು ಸುತ್ತು ಬರುತ್ತದೆ. ಏಳು ಮೀಟರಿನ ತುಂಡಿಗೆ ನಾಲ್ಕೇ. ಹಿಡಿಕೆ ತಿರುಗಿಸಿ ಸುತ್ತುವ ರೀಲು ನೋಡಲು ಅಚ್ಚುಕಟ್ಟು, ಆದರೆ ತಿರುಗುವ ಕೀಲಿನ ಓ ರಿಂಗ್ ಸವೆದು ಸೋರುತ್ತದೆ, ಅದರೊಳಗಿನ ಸಣ್ಣ ದಾರಿ ಕಡಿಮೆ ಒತ್ತಡದ ನೀರನ್ನು ಇನ್ನಷ್ಟು ಕಟ್ಟಿಹಾಕುತ್ತದೆ.

ಜಾಗ ಆರಿಸುವಾಗ ಪಶ್ಚಿಮದ ಗೋಡೆ ಬಿಟ್ಟುಬಿಡಿ. ಉತ್ತರದ ಗೋಡೆ, ಟ್ಯಾಂಕ್ ಕಟ್ಟೆಯ ಅಡಿ, ಮೆಟ್ಟಿಲ ಕೆಳಗು ಒಳ್ಳೆಯವು. ನೆರಳೇ ಇಲ್ಲದಿದ್ದರೆ ಗೋಣಿಚೀಲ ಹೊದಿಸಿ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಳಗೆ ಇನ್ನೂ ಕಾಯುತ್ತದೆ. ನೆಲದ ಮೇಲೆ ಮೂಲೆಯಲ್ಲಿ ಗುಡ್ಡೆ ಹಾಕುವುದು ಹಿತ್ತಲಿನಲ್ಲಿ ಖಂಡಿತ ಬೇಡ. ತಂಪಾದ ಆ ಸುರುಳಿಯೊಳಗೆ ಹಾವು, ಚೇಳು ಸೇರುತ್ತವೆ, ಹೆಗ್ಗಣ ಪೈಪು ಕಡಿಯುತ್ತದೆ. ಎರಡೂ ತುದಿಗಳನ್ನು ಒಂದಕ್ಕೊಂದು ಸಿಕ್ಕಿಸಿಡಿ, ಇಲ್ಲವೇ ಬಟ್ಟೆಯ ಬಿರಡೆ ಹಾಕಿ. ತೆರೆದ ತುದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಮರುದಿನ ನೀರು ಬಾರದಿದ್ದರೆ ಅಲ್ಲಿ ನೋಡಿ.

ಬೇಸಿಗೆಯಲ್ಲಿ ಹೋಸಿನೊಳಗೆ ಉಳಿದ ನೀರು ಮಧ್ಯಾಹ್ನಕ್ಕೆ ಕೈ ಸುಡುತ್ತದೆ. ಸಂಜೆ ನೀರು ಹಾಕುವ ಮುಂಚೆ ಅದನ್ನು ಬಕೆಟ್ಟಿಗೆ ಬಿಟ್ಟು ಆರಿಸಿ ಬಳಸಿ, ನೇರ ಬೇರಿಗೆ ಬಿಡಬೇಡಿ. ಬೆಚ್ಚಗೆ ನಿಂತ ಆ ನೀರಿನಲ್ಲಿ ಲೆಜಿಯೋನೆಲ್ಲದಂಥ ರೋಗಾಣುಗಳೂ ಬೆಳೆಯಬಲ್ಲವು. ಮಕ್ಕಳು ಹೋಸಿಗೆ ಬಾಯಿ ಹಚ್ಚಿ ಕುಡಿಯದಂತೆ ನೋಡಿಕೊಳ್ಳಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕರಾವಳಿ, ಮಲೆನಾಡಿನ ಕಡೆ ಹೋಸಿಗೆ ನಾಲ್ಕು ತಿಂಗಳು ಕೆಲಸವಿಲ್ಲ. ಸೋಪಿನ ನೀರಲ್ಲಿ ಹೊರಗೆ ಒರೆಸಿ, ನೀರು ಇಳಿಸಿ, ಎರಡು ದಿನ ನೆರಳಲ್ಲಿ ಗಾಳಿಗೆ ನೇತುಹಾಕಿ ಒಣಗಿಸಿ ಒಳಗಿಡಿ. ಕ್ಲಿಪ್ಪುಗಳ ಸ್ಕ್ರೂಗೆ ಒಂದು ಹನಿ ಎಣ್ಣೆ ಬಿಡಿ. ಮಧ್ಯೆ ಎಲ್ಲಾದರೂ ಬಿರುಕಿದ್ದರೆ ಆಗಲೇ ಆ ಭಾಗವನ್ನು ಎರಡೂ ಕಡೆ ಎರಡೆರಡು ಇಂಚು ಸೇರಿಸಿ ಕತ್ತರಿಸಿ ತೆಗೆದು, ಹಿತ್ತಾಳೆಯ ಜಾಯಿಂಟ್ ಮತ್ತು ಎರಡು ಕ್ಲಿಪ್ ಹಾಕಿ. ಬಿರುಕು ಒಂದು ಅಡಿಗೊಂದರಂತೆ ಕಾಣತೊಡಗಿದರೆ ಪೈಪಿನ ಆಯುಸ್ಸು ಮುಗಿದಿದೆ. ಆ ಹೋಸನ್ನು ಎರಡಡಿ ತುಂಡು ಮಾಡಿ, ಉದ್ದಕ್ಕೆ ಸೀಳಿ, ಎಳೆಯ ಗಿಡದ ಕಾಂಡಕ್ಕೆ ಕಟ್ಟುವ ತಂತಿಗೆ ತೊಡಿಸಿ.